ಮನೆಯ ಊಟಕ್ಕೆ ಎಂಥ ಮೀನು ತರಬೇಕು? ಹುಬ್ಬಳ್ಳಿ-ಧಾರವಾಡದವರ ಮೊಬೈಲ್ ಗುಂಪಿನಲ್ಲಿ ಮೀನುಗಾರಿಕಾ ವಿಜ್ಞಾನಿಯವರೊಂದಿಗೆ ಪ್ರಶ್ನೋತ್ತರ

ನವನಗರದ ಸದಸ್ಯೆ: ಮೇಡಮ್, ನಿನ್ನೆ ರಾತ್ರಿ ಬೆರಳುದ್ದದ ಬಂಗುಡೆಯನ್ನು ಅಗ್ಗಕ್ಕೆ ತಂದು ಸಾರು ಮಾಡಿದ್ದೆ. ಉಂಡ ಅರ್ಧ ಗಂಟೆಯೊಳಗೆ ಮಗನ ಮುಖ ಕೆಂಪೇರಿ ಮೈಯೆಲ್ಲ ತುರಿಸತೊಡಗಿತು. ಅವನಿಗೆ ಮೀನು ಒಗ್ಗುವುದಿಲ್ಲವೇ?

ವಿಜ್ಞಾನಿ: ಮಗ ಈಗ ಹೇಗಿದ್ದಾನೆ? ಉಸಿರಾಟಕ್ಕೆ ಸ್ವಲ್ಪ ತೊಂದರೆಯಾದರೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲರ್ಜಿ ಹೌದೋ ಅಲ್ಲವೋ ಎಂಬುದನ್ನು ವೈದ್ಯರೇ ಹೇಳಬೇಕು. ನನಗೆ ಮಾತ್ರ ಮೀನನ್ನು ಇಟ್ಟ ರೀತಿಯ ಮೇಲೆಯೇ ಅನುಮಾನವಿದೆ. ಬಂಗುಡೆಯಂಥ ಮೀನನ್ನು ಹಿಡಿದ ಕೂಡಲೇ ಐಸಿನಲ್ಲಿಡದಿದ್ದರೆ ಬ್ಯಾಕ್ಟೀರಿಯಾಗಳಿಂದ ಅದರ ಮಾಂಸದಲ್ಲಿ ಅಲರ್ಜಿಯಂತೆಯೇ ತುರಿಕೆ ತರುವ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ, ಅದು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಕಾರವಾರ, ಅಂಕೋಲೆಗಳಿಂದ ಘಟ್ಟ ಹತ್ತಿ ಬರುವಷ್ಟರಲ್ಲಿ ಪೆಟ್ಟಿಗೆಯ ಐಸ್ ಕರಗಿದ್ದರೆ ಹೀಗಾಗುವ ಸಾಧ್ಯತೆಯಿದೆ. ಕಿವಿರನ್ನು ಎತ್ತಿ ನೋಡಿ, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡವೆನ್ನಿ. ಇನ್ನೊಂದು ಮಾತು: ಕೇರಳದಲ್ಲಿ ಬಂಗುಡೆಗೆ ಕನಿಷ್ಠ 14 ಸೆಂ.ಮೀ. ಅಳತೆಯನ್ನು ನಿಗದಿಪಡಿಸಿದ್ದಾರೆ. ಬೆರಳುದ್ದದ್ದು ಒಮ್ಮೆಯೂ ಮೊಟ್ಟೆಯಿಡದ ಮರಿ. ಅಗ್ಗವೆಂದು ಅದನ್ನು ಕೊಂಡರೆ ಮುಂದಿನ ವರ್ಷದ ಮೀನನ್ನೇ ಇಂದು ತಿಂದಂತೆ.

ಗೋಕುಲ ರಸ್ತೆಯ ಸದಸ್ಯರು: ಅರಿಸಿನ, ನಿಂಬೆರಸದಲ್ಲಿ ನೆನೆಸಿದರೆ ಮೀನಿನ ವಿಷವೆಲ್ಲ ಹೋಗುತ್ತದೆಂಬ ಸಂದೇಶ ಬಂದಿದೆ. ಎಲ್ಲರಿಗೂ ಹಂಚುತ್ತಿದ್ದೇನೆ.

ವಿಜ್ಞಾನಿ: ದಯವಿಟ್ಟು ಹಂಚಬೇಡಿ. ಅವು ವಾಸನೆಯನ್ನಷ್ಟೇ ತಗ್ಗಿಸುತ್ತವೆ. ಕೆಟ್ಟ ಮೀನಿನ ವಾಸನೆ ಮುಚ್ಚಿಹೋದರೆ ಅಪಾಯವೇ ಹೆಚ್ಚು.

ವಿದ್ಯಾನಗರದ ಸದಸ್ಯರು: ಮಳೆಗಾಲದಲ್ಲಿ ಯಾವ ಮೀನು ತರಬೇಕು?

ವಿಜ್ಞಾನಿ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ. ಆಗ ಸಾಕಿದ ರೋಹು, ಕಾಟ್ಲಾ ತನ್ನಿ.

ಸಪ್ತಾಪುರದ ಸದಸ್ಯರು: ನಾನು ಅಂಕೋಲೆಯವನು. ಆ ಎರಡು ತಿಂಗಳು ನಾಡದೋಣಿಯವರು ದಡದ ಹತ್ತಿರ ಮೀನು ಹಿಡಿಯುತ್ತಾರೆ. ಎಲ್ಲರೂ ಕಾಟ್ಲಾ ಕೊಂಡರೆ ಅವರ ಒಲೆ ಉರಿಯುವುದು ಹೇಗೆ?

ವಿದ್ಯಾನಗರದ ಸದಸ್ಯರು: ಆ ಮೀನು ಹುಬ್ಬಳ್ಳಿಯವರೆಗೆ ಎಲ್ಲಿ ಬರುತ್ತದೆ?

ಸಪ್ತಾಪುರದ ಸದಸ್ಯರು: ಕೇಳಿ ಕೊಳ್ಳುವವರಿದ್ದರೆ ಬರುತ್ತದೆ. ಅಲ್ಲದೆ ಜುಮ್ಮನಕಾಯಿಯೆಂಬ ಮಸಾಲೆ ಹಾಕಿದ ಬಂಗುಡೆ ಸಾರಿನ ರುಚಿ ಕಾಟ್ಲಾಕ್ಕೆ ಬಾರದು.

ವಿದ್ಯಾನಗರದ ಸದಸ್ಯರು: ನಮಗೆ ರುಚಿ ಕಲಿಸಬೇಡಿ. ಜೋಳದ ರೊಟ್ಟಿಯ ಜೊತೆ ಕಾಟ್ಲಾ ಸಾರು ಉಂಡೇ ನಾವು ಬೆಳೆದವರು.



ವಿಜ್ಞಾನಿ: ನಾಡದೋಣಿಯ ವಿಷಯದಲ್ಲಿ ಸಪ್ತಾಪುರದವರ ಮಾತು ಸರಿ, ನನ್ನ ಉತ್ತರ ಅಪೂರ್ಣವಾಗಿತ್ತು. ಜಗಳ ಸಾಕು.

ಉಣಕಲ್ಲಿನ ಸದಸ್ಯರು: ಮಳೆಗಾಲಕ್ಕೆ ಯಾವ ಮೀನು ಒಳ್ಳೆಯದು?

ವಿಜ್ಞಾನಿ: ಮೇಲೆ ಬರೆದಿದ್ದೇನೆ, ಓದಿ.

ಗೋಕುಲ ರಸ್ತೆಯ ಸದಸ್ಯರು: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದಂತೆ...

ವಿಜ್ಞಾನಿ: ಬರುವುದಿಲ್ಲ. ಇನ್ನು ನಿಮ್ಮ ಫಾರ್ವರ್ಡ್‌ಗಳಿಗೆ ನಾನು ಉತ್ತರಿಸುವುದಿಲ್ಲ.

ನವನಗರದ ಸದಸ್ಯೆ: ಮಗ ಗುಣವಾಗಿದ್ದಾನೆ ಮೇಡಮ್. ವೈದ್ಯರೂ ಅಲರ್ಜಿಯಲ್ಲವೆಂದರು. ಮತ್ತೆ ಬಂಗುಡೆ ತರಲೇ?

ವಿಜ್ಞಾನಿ: ಸಮಾಧಾನವಾಯಿತು. ಗೇಣುದ್ದದ್ದನ್ನು ಆರಿಸಿ, ಐಸಿನೊಂದಿಗೇ ಮನೆಗೆ ತನ್ನಿ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಹಸಿ ಕೊಬ್ಬರಿ ಅರೆದ ಮಸಾಲೆಯನ್ನು ಹುಣಸೆರಸದಲ್ಲಿ ಚೆನ್ನಾಗಿ ಕುದಿಸಿ, ಕೊನೆಯಲ್ಲಿ ಮೀನು ಹಾಕಿ. ಸೌಟು ಆಡಿಸಬೇಡಿ, ಪಾತ್ರೆಯ ಅಂಚು ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಇಲ್ಲದಿದ್ದರೆ ಮೀನು ಒಡೆಯುತ್ತದೆ.