‘ಗ್ರ್ಯಾಂಡ್‌ಮದರ್ ಹೈಪಾಥಿಸಿಸ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಮನುಷ್ಯರ ವಿಕಾಸದಲ್ಲಿ ಹೆಣ್ಣಿನ ದೇಹದ ಪಾತ್ರದ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ‘ಗ್ರ್ಯಾಂಡ್‌ಮದರ್ ಹೈಪಾಥಿಸಿಸ್’ ಬಂದ ಕಡೆ ಕೈ ನಿಂತಿದೆ. ‘ಅಜ್ಜಿ ಊಹೆ’ ಅಂದರೆ ಅಜ್ಜಿಯೇ ಮಾಡಿದ ಊಹೆ ಅನ್ನಿಸುತ್ತದೆ, ಅಲ್ವಾ? ಅಡಗೂಲಜ್ಜಿ ಕತೆಯ ನೆನಪು ಬೇರೆ ಬರುತ್ತದೆ. ‘ಪ್ರಾಕ್ಕಲ್ಪನೆ’ ನಾಲಗೆಗೆ ಒಗ್ಗುವುದಿಲ್ಲ. ‘ಸಿದ್ಧಾಂತ’ ಅಂದರೆ ಜಾಸ್ತಿಯಾಯಿತು, ಚರ್ಚೆ ಇನ್ನೂ ನಡೆಯುತ್ತಿದೆ.

ವಿಷಯ ಇದು. ಮುಟ್ಟು ನಿಂತ ಮೇಲೂ ಹೆಣ್ಣು ಬಹುಕಾಲ ಬದುಕುವುದು ಪ್ರಾಣಿಗಳಲ್ಲಿ ಬಲು ಅಪರೂಪ. ಓರ್ಕಾದಂಥ ಕೆಲವು ತಿಮಿಂಗಿಲಗಳಲ್ಲಿ ಉಂಟು. ಉಗಾಂಡಾದ ಒಂದು ಚಿಂಪಾಂಜಿ ಗುಂಪಿನಲ್ಲೂ ಕಂಡಿದೆ ಎಂದು 2023ರಲ್ಲಿ ವರದಿಯಾಯಿತು. ಹೆರುವ ಕಾಲ ಮುಗಿದ ಮೇಲೆ ಇಷ್ಟು ಆಯುಸ್ಸು ಯಾಕೆ? ಮಾನವಶಾಸ್ತ್ರಜ್ಞೆ ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರಿಗೆ ಒಂದು ಸುಳಿವು ಸಿಕ್ಕಿದ್ದು ಟಾಂಜಾನಿಯಾದಲ್ಲಿ, ಬೇಟೆಯಾಡಿ ಗೆಡ್ಡೆ-ಹಣ್ಣು ಆಯ್ದು ಬದುಕುವ ಹಾಡ್ಜಾ ಜನರಲ್ಲಿ. ಅಲ್ಲಿ ವಯಸ್ಸಾದ ಹೆಂಗಸರು ಚೂಪು ಕೋಲು ಹಿಡಿದು ಗಟ್ಟಿ ನೆಲ ಅಗೆದು ಗೆಡ್ಡೆ ಕೀಳುತ್ತಾರೆ. ಪುಟ್ಟ ಮಕ್ಕಳ ಕೈಲಿ ಅದು ಆಗುವ ಕೆಲಸವಲ್ಲ. ತಾಯಿ ಹಸುಗೂಸಿಗೆ ಹಾಲೂಡುತ್ತಿರುವಾಗ, ಅದರ ಹಿಂದಿನ ಮಗು ಎಷ್ಟು ಮೈತುಂಬಿಕೊಳ್ಳುತ್ತದೆ ಎಂಬುದಕ್ಕೂ ಅಜ್ಜಿಯ ದುಡಿಮೆಗೂ ನಂಟು ಕಂಡಿತು. ಅಜ್ಜಿ ಉಣಿಸಿದರೆ ತಾಯಿ ಬೇಗ ಹಾಲು ಬಿಡಿಸಬಹುದು, ಬೇಗ ಮತ್ತೆ ಬಸುರಾಗಬಹುದು. ಗಟ್ಟಿಮುಟ್ಟಾಗಿ ಬಹುಕಾಲ ಬಾಳಿದ ಅಜ್ಜಿಯರ ಮೊಮ್ಮಕ್ಕಳು ಹೆಚ್ಚು ಉಳಿದರು, ಆ ದೀರ್ಘಾಯುಸ್ಸು ಹಾಗೆ ಮುಂದಿನ ಪೀಳಿಗೆಗಳಿಗೆ ಹಬ್ಬಿತು ಎಂಬುದು ಇವರ ವಾದ.

ವಿಕಾಸದ ಮಾತು ಬಂದರೆ ಸಾಕು, ಬೇಟೆಗೆ ಹೋದ ಗಂಡಸಿನ ಚಿತ್ರವೇ ಕಣ್ಣಿಗೆ ಬರುತ್ತದೆ. ಗೆಡ್ಡೆ ಅಗೆದವಳ ದುಡಿಮೆ ಹೆಸರಿನಲ್ಲೇ ಕಾಣಬೇಕು ಅಂತ ನನ್ನಾಸೆ. ಅದಕ್ಕೇ ‘ಅಜ್ಜಿ ನೆರವಿನ ವಾದ’ ಅನ್ನೋಣವೇ? ‘ವಿಕಾಸವಾದ’ ಹೇಗೂ ರೂಢಿಯಲ್ಲಿದೆ. ಆದರೆ ‘ಸ್ತ್ರೀವಾದ’, ‘ಸಮಾಜವಾದ’ಗಳ ಸಾಲಿಗೆ ಇದೂ ಸೇರಿ, ಒಂದು ಪಂಥದ ಹೆಸರಿನಂತೆ ಕೇಳಿಸೀತೇ?

‘ಅಜ್ಜಿ’ ಪದದ ಬಗ್ಗೆ ನನಗೆ ಅಳುಕಿಲ್ಲ. ಹಾಡ್ಜಾಗಳಲ್ಲಿ ನೆರವಾದವರು ಹೆತ್ತವರ ತಾಯಂದಿರಷ್ಟೇ ಅಲ್ಲ, ದೊಡ್ಡಜ್ಜಿ ಚಿಕ್ಕಜ್ಜಿಯರೂ ಹೌದು. ನಮ್ಮ ‘ಅಜ್ಜಿ’ಯಲ್ಲಿ ಅವರೆಲ್ಲರಿಗೂ ಜಾಗವಿದೆ.

ಇನ್ನೊಂದು. ‘ಋತುಬಂಧ’ ಬಿಟ್ಟು ‘ಮುಟ್ಟು ನಿಲ್ಲುವುದು’ ಅಂತಲೇ ಉದ್ದಕ್ಕೂ ಬಳಸಿದ್ದೇನೆ. ವಿಜ್ಞಾನದ ಬರಹದಲ್ಲಿ ಅದು ಯಾರಿಗಾದರೂ ಇರುಸುಮುರುಸು ಅನ್ನಿಸಿದರೆ ಯಾಕೆಂದು ತಿಳಿಸಿ.