ಸಂಕ್ರಾಂತಿಗೆ ಮಕ್ಕಳ ಕೈಗೆ ಕೆಲಸ ಕೊಡಿ

ಎಲ್‌ಕೆಜಿ ಮಕ್ಕಳ ಜೊತೆ ಸಂಕ್ರಾಂತಿ ಹೇಗೆ ಮಾಡೋದು, "ಬರೀ ಆಟ ಆಡಿಸ್ತೀರಾ, ಬರೆಸೋದು ಯಾವಾಗ" ಅಂತ ಪೋಷಕರು ಕೇಳಿದರೆ ಏನು ಹೇಳೋದು ಅಂತ ಕೇಳಿದ್ದೀರಿ. ನಾನು ಮೈಸೂರಿನಲ್ಲಿ 11 ವರ್ಷದಿಂದ ಈ ವಯಸ್ಸಿನವರಿಗೆ ಟೀಚರ್. ನನ್ನ ಅನುಭವ ಹೇಳುತ್ತೇನೆ.

ಮೊದಲ ವರ್ಷ ವೇದಿಕೆ ಹಾಕಿಸಿ ಹಾಡು, ಡ್ಯಾನ್ಸ್ ಮಾಡಿಸಿದೆ. ರೇಷ್ಮೆ ಲಂಗ ಚುಚ್ಚಿ ಮೂವರು ಅತ್ತರು. ಫೋಟೋ ಆಗೋವರೆಗೆ ಕೈಯಲ್ಲಿರುವ ಕಬ್ಬು ಕಚ್ಚಬಾರದು ಅಂತ ಬೇರೆ ಹೇಳಿದ್ದೆ. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಮರುವರ್ಷದಿಂದ, ಹಬ್ಬಕ್ಕೆ ಮನೆಯಲ್ಲಿ ನಡೆಯುವ ಕೆಲಸವನ್ನೇ ಅವರಿಗೆ ಕೊಟ್ಟೆ.

ಎಳ್ಳು ಬೆಲ್ಲಕ್ಕಿಂತ ಒಳ್ಳೆಯ ಆಟದ ಸಾಮಾನು ಬೇಕಾ? ಹುರಿದ ಕಡಲೆಕಾಯಿ ಬೀಜ ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸೋದು, ಮೊರದ ಮೇಲೆ ಉಫ್ ಅಂತ ಊದೋದು. ಬಿಳಿ ಎಳ್ಳಿನಲ್ಲಿ ಬೆರಳಾಡಿಸೋದು. ಲೋಟದಲ್ಲಿ ಅಳೆದು ಸುರಿಯೋದು. ಕ್ಲಾಸಿನಲ್ಲಿ ಬಾಯೇ ಬಿಡದ ಒಬ್ಬ ಹುಡುಗ ಹುರಿಗಡಲೆಯಲ್ಲಿ ಇಡಿಯಾಗಿ ಇದ್ದದ್ದನ್ನು ಒಂದು ಬಟ್ಟಲಿಗೆ, ಸೀಳಿದ್ದನ್ನು ಇನ್ನೊಂದಕ್ಕೆ ಹಾಕುತ್ತಾ ಕೂತಿದ್ದ. ನಾನು ಹೇಳಿಕೊಟ್ಟಿರಲಿಲ್ಲ. ಆಮೇಲೆ ಎರಡು ಬೇಳೆ ಜೋಡಿಸಿ ನನ್ನ ಮುಂದೆ ಹಿಡಿದು "ಮಿಸ್, ಒಂದಾಯ್ತು" ಅಂದ. ಅದು ಗಣಿತ ಅಲ್ವಾ?

ಆಮೇಲೆ ಬೀರೋದು. ಪುಟ್ಟ ಬಟ್ಟಲು ಹಿಡಿದು ಪಕ್ಕದ ಕ್ಲಾಸಿಗೆ, ಆಯಾ ಅವರಿಗೆ, ಗೇಟಿನ ಹತ್ತಿರ ಇರುವ ಅಂಕಲ್‌ಗೆ ಕೊಟ್ಟು "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನಬೇಕು. ನಾಚಿಕೆ ಸ್ವಭಾವದವರೂ ಅವತ್ತು ಮಾತಾಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ, ಗಟ್ಟಿ ಕೊಬ್ಬರಿ ಚೂರು ತಿನ್ನಲು ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಆರಿಸುವಾಗ ಬಾಯಿಗೆ ಹಾಕಿಯೇ ಹಾಕುತ್ತಾರೆ. ಅದಕ್ಕೆ ನಾಲ್ಕೈದು ಮಕ್ಕಳಿಗೆ ಒಬ್ಬರು ದೊಡ್ಡವರು ಕೂರಲಿ. ತಿನ್ನೋಕೆ ನಾವು ಎಲ್ಲವನ್ನೂ ಬೆಲ್ಲದ ಜೊತೆ ನುಣ್ಣಗೆ ಕುಟ್ಟಿ ಸಣ್ಣ ಉಂಡೆ ಕಟ್ಟುತ್ತೇವೆ. ಕಡಲೆಕಾಯಿ, ಎಳ್ಳಿನ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಒಂದು ವಾರ ಮೊದಲೇ ಮನೆಯವರಿಂದ ಬರೆಸಿಕೊಳ್ಳಿ. ಇದ್ದರೆ ಆ ಸಾಮಾನು ಕ್ಲಾಸಿಗೇ ಬೇಡ.

ಪೋಷಕರಿಗೆ ನಾನು ಭಾಷಣ ಮಾಡಲ್ಲ. ಬಂದು ಅರ್ಧ ಗಂಟೆ ಕೂತು ನೋಡಿ ಅಂತೀನಿ. ಎಳ್ಳಿನಿಂದ ಕಸ ಆರಿಸುವ ಬೆರಳೇ ನಾಳೆ ಪೆನ್ಸಿಲ್ ಹಿಡಿಯೋದು. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಸಿ ಅನ್ನುತ್ತದೆ. ಬೇಕಾದರೆ ಅದನ್ನೂ ತೋರಿಸಿ.

ಹಬ್ಬ ಎಲ್ಲರ ಮನೆಯಲ್ಲೂ ಒಂದೇ ತರಹ ಇರಲ್ಲ. ಅದನ್ನು ಮಕ್ಕಳ ಮನೆಯವರಿಂದಲೇ ಕೇಳಿಸಿ. ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ ಬಂದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು ತೋರಿಸಿದರು. ಆ ಸದ್ದಿಗೆ ಮಕ್ಕಳೆಲ್ಲ ನೆಲ ಬಡಿದರು. ಸಂಕ್ರಾಂತಿ ಮಾಡದ ಮನೆಯ ಮಕ್ಕಳೂ ಇರುತ್ತಾರೆ. ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ಅಮ್ಮ ರಂಜಾನ್ ಹೊತ್ತಿಗೆ ಶಾವಿಗೆ ತಂದಿದ್ದರು. ಅದೇ ತಟ್ಟೆ, ಅದೇ ಲೋಟ. ಶಾವಿಗೆ ಮುರಿದು ಅಳೆದೆವು. ಆ ದಿನ ಯಾರು ಎಷ್ಟು ಹಾಕಬೇಕು ಅಂತ ಎಲ್ಲರಿಗೂ ಹೇಳಿಕೊಟ್ಟವಳು ಆ ಹುಡುಗಿಯೇ.