ಸ್ಯಾನ್ ಡಿಯೇಗೊ ಕಾಮಿಕ್ ಕಾನ್‌ನಲ್ಲಿ ಹಸ್ತಾಕ್ಷರ ಸಂಗ್ರಹ: ಮೊದಲ ಬಾರಿ ಹೋಗುವವರು ಏನೇನು ತಿಳಿದಿರಬೇಕು?

ಇರ್ವೈನ್ ವಾಸಿ

ಎಲ್ಲರಿಗೂ ನಮಸ್ಕಾರ. ಹದಿಮೂರು ತುಂಬಿದ ನನ್ನ ಮಗಳಿಗೆ ಕಾಮಿಕ್ಸ್ ಎಂದರೆ ಪ್ರಾಣ. ತಾನೂ ಚಿತ್ರ ಬರೆಯುತ್ತಾಳೆ. ತನಗೆ ಮೆಚ್ಚುಗೆಯಾದ ಕೆಲವು ಚಿತ್ರಕಾರರ ಹಸ್ತಾಕ್ಷರವನ್ನು ಅವರದೇ ಪುಸ್ತಕಗಳ ಮೇಲೆ ಹಾಕಿಸಿಕೊಳ್ಳಬೇಕೆಂಬ ಹಟ ಹಿಡಿದಿರುವುದರಿಂದ, ಮುಂದಿನ ಜುಲೈನಲ್ಲಿ ಕಾಮಿಕ್ಸ್ ಸಮ್ಮೇಳನವಾದ ಸ್ಯಾನ್ ಡಿಯೇಗೊ ಕಾಮಿಕ್ ಕಾನ್‌ಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಕೊಟ್ಟ ಮೇಲೆ ಅಂಜಿಕೆ ಶುರುವಾಗಿದೆ. 1,30,000ಕ್ಕೂ ಹೆಚ್ಚು ಜನ ಸೇರುವ ಕಡೆಗೆ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿ, ಇಡೀ ದಿನ ಸಾಲಿನಲ್ಲಿ ನಿಂತು, ಕೊನೆಗೆ ಸಹಿಯೂ ಸಿಗದೆ ಬರಿಗೈಯಲ್ಲಿ ಮರಳುವಂತಾದರೆ ಏನು ಮಾಡುವುದು?

ನನ್ನ ಶ್ರೀಮತಿಯ ವಾದವೇ ಬೇರೆ. ಇಷ್ಟೆಲ್ಲ ಒದ್ದಾಡುವ ಬದಲು ಪ್ರಮಾಣಪತ್ರ ಲಗತ್ತಿಸಿದ ಸಹಿಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ, ಒಂದನ್ನು ಕೊಂಡು ಹುಟ್ಟುಹಬ್ಬಕ್ಕೆ ಕೊಟ್ಟರಾಯಿತು ಎನ್ನುತ್ತಾಳೆ. ಅಂಥ ಪ್ರಮಾಣಪತ್ರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಒಳಗೆ ಹೋದ ಮೇಲೆ ಸಹಿ ಹಾಕಿಸಿಕೊಳ್ಳುವ ಕ್ರಮವೇನು? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಮೀರಾ ಮೇಸಾ ಕನ್ನಡಿಗ

ನಮಸ್ಕಾರ ಸರ್. ನಾನು ಸ್ಯಾನ್ ಡಿಯೇಗೊದಲ್ಲೇ ಇರುವುದರಿಂದ ಮೊದಲು ಒಳಗೆ ಹೋಗುವ ದಾರಿಯನ್ನು ಹೇಳಿಬಿಡುತ್ತೇನೆ. 1970ರಲ್ಲಿ ಇಲ್ಲಿನ ಹೋಟೆಲೊಂದರಲ್ಲಿ ಮೊದಲ ಮೂರು ದಿನಗಳ ಸಮ್ಮೇಳನ ನಡೆದಾಗ ಬಂದವರು ಸುಮಾರು 300 ಮಂದಿ ಮಾತ್ರ. ಆಗ ಬಾಗಿಲಿಗೆ ಬಂದವರು ನೇರವಾಗಿ ಒಳಗೆ ಹೋಗಿರಬೇಕು. ಈಗ ಬಾಗಿಲಿನಲ್ಲಿ ಟಿಕೆಟ್ ಮಾರುವ ಪದ್ಧತಿ ಇಲ್ಲ. ನೀವೂ ನಿಮ್ಮ ಮಗಳೂ ಬೇರೆಬೇರೆಯಾಗಿ ಸಮ್ಮೇಳನದ ಜಾಲತಾಣದಲ್ಲಿ ಸದಸ್ಯ ಸಂಖ್ಯೆ ಪಡೆದಿರಬೇಕು, ಅದೂ ಪ್ರವೇಶಕ್ಕೆ ಬೇಕಾದ ಬ್ಯಾಡ್ಜಿನ ಮಾರಾಟ ಪ್ರಕಟವಾಗುವುದಕ್ಕೆ ಮೊದಲೇ. 12 ವರ್ಷದವರೆಗಿನ ಮಕ್ಕಳಿಗೆ ದೊಡ್ಡವರೊಡನೆ ಉಚಿತ ಪ್ರವೇಶವಿದೆ. 13 ತುಂಬಿದ ನಿಮ್ಮ ಮಗಳಿಗೆ ಕಡಿಮೆ ದರದ ಕಿರಿಯರ ಬ್ಯಾಡ್ಜ್ ಬೇಕಾಗುತ್ತದೆ.

ಮಾರಾಟದ ದಿನ ಆನ್‌ಲೈನ್ ಕಾಯುವ ಕೋಣೆಗೆ ಮೊದಲು ಬಂದವರಿಗೆ ಯಾವ ಅನುಕೂಲವೂ ಇಲ್ಲ. ನಿಗದಿತ ಹೊತ್ತಿಗೆ ಒಳಗಿದ್ದವರೆಲ್ಲರ ನಡುವೆ ಚೀಟಿ ಎತ್ತಿದ ಹಾಗೆ ಸರದಿ ಬರುತ್ತದೆ. ಸರದಿ ಬಂದವರು ತಮ್ಮ ಬ್ಯಾಡ್ಜಿನ ಜೊತೆಗೆ ಇನ್ನಿಬ್ಬರದನ್ನೂ ಕೊಳ್ಳಬಹುದಾದ್ದರಿಂದ, ಪರಿಚಯದ ಎರಡು ಮೂರು ಕುಟುಂಬಗಳು ಸದಸ್ಯ ಸಂಖ್ಯೆಗಳನ್ನು ಹಂಚಿಕೊಂಡು ಒಟ್ಟಿಗೆ ಪ್ರಯತ್ನಿಸುವುದು ಇಲ್ಲಿ ರೂಢಿ. ಸಿಗಲಿಲ್ಲವೆಂದು ಬೇರೆಯವರಿಂದ ಕೊಳ್ಳಲು ಹೋಗಬೇಡಿ. ಬ್ಯಾಡ್ಜ್ ಹೆಸರಿನ ಮೇಲಿರುತ್ತದೆ, ಇನ್ನೊಬ್ಬರಿಗೆ ವರ್ಗವಾಗುವುದಿಲ್ಲ.

ಇನ್ನು ಸಹಿಯ ವಿಷಯ. ಮೇಲಂತಸ್ತಿನಲ್ಲಿ ಹಾಯಿಪಟಗಳಂಥ ಛಾವಣಿ ಹೊದಿಸಿದ ಸೇಲ್ಸ್ ಪೆವಿಲಿಯನ್ ಎಂಬ ವಿಶಾಲ ಜಾಗವಿದೆ. ಸಮ್ಮೇಳನದ ಅಧಿಕೃತ ಹಸ್ತಾಕ್ಷರ ವಿಭಾಗ ಅಲ್ಲಿಯೇ ಇರುವುದು. ಅಲ್ಲಿ ಎಷ್ಟೋ ಜನ ಲೇಖಕರು ಮತ್ತು ಚಿತ್ರಕಾರರು ಹಣ ಕೇಳದೆ ಸಹಿ ಹಾಕಿಕೊಡುತ್ತಾರೆ. ಸಿನಿಮಾ ಮತ್ತು ಟಿವಿ ತಾರೆಯರ ಸಹಿಗೆ ಮಾತ್ರ ಲಾಟರಿ. ಅದರಲ್ಲಿ ಹೆಸರು ಬರದಿದ್ದರೆ ಸುತ್ತ ಸುಳಿದಾಡಿ ಪ್ರಯೋಜನವಿಲ್ಲ. ತಾರೆಯರನ್ನು ಕಣ್ಣಾರೆ ನೋಡಬೇಕೆನ್ನುವವರು ಹಾಲ್ ಎಚ್ ಎಂಬ ದೊಡ್ಡ ಸಭಾಂಗಣದ ಮುಂದೆ ರಾತ್ರಿಯಿಡೀ ಮಲಗುತ್ತಾರೆ. ಅಲ್ಲಿ ಹಿಡಿಸುವುದು ಆರು ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ, ಒಂದು ಗೋಷ್ಠಿ ಮುಗಿದ ಮೇಲೆ ಸಭಾಂಗಣವನ್ನು ಖಾಲಿ ಮಾಡಿಸುವ ಪದ್ಧತಿಯೂ ಇಲ್ಲ. ಬೆಳಿಗ್ಗೆ ಕುಳಿತವರು ಸಂಜೆಯವರೆಗೂ ಕದಲದಿದ್ದರೆ ಹೊರಗಿನ ಸಾಲು ಅಲ್ಲಿಗೇ ನಿಲ್ಲುತ್ತದೆ. ಹಾಲ್ ಎಚ್ ಮತ್ತು ಹಸ್ತಾಕ್ಷರ ಎರಡನ್ನೂ ಒಂದೇ ದಿನ ಇಟ್ಟುಕೊಂಡವರಿಗೆ ಎರಡೂ ದಕ್ಕಿದ್ದನ್ನು ನಾನು ನೋಡಿಲ್ಲ.

ನಿಮ್ಮ ಮಗಳಿಗೆ ಬೇಕಾಗಿರುವುದು ಚಿತ್ರಕಾರರ ಸಹಿಯಾದ್ದರಿಂದ ನೀವು ಅದೃಷ್ಟವಂತರು. ಕೆಳಗಿನ ಪ್ರದರ್ಶನಾಂಗಣದಲ್ಲಿ ಆರ್ಟಿಸ್ಟ್ಸ್ ಅಲಿ ಎಂಬ ಭಾಗವಿದೆ. ಅಲ್ಲಿ ಚಿತ್ರಕಾರರು ತಮ್ಮ ತಮ್ಮ ಮೇಜಿನ ಹಿಂದೆ ಕುಳಿತು ಚಿತ್ರ ಬರೆಯುತ್ತಿರುತ್ತಾರೆ, ಮಾತನಾಡಿಸಿದರೆ ಮಾತನಾಡುತ್ತಾರೆ. ನನ್ನ ಕಣ್ಣಿಗೆ ಇಡೀ ಸಮ್ಮೇಳನದಲ್ಲಿ ಹೋಗಲೇಬೇಕಾದ ಜಾಗ ಅದೊಂದೇ.

ಇನ್ನೊಂದು ಮಾತು. ಇದೇ ಸಂಸ್ಥೆಯವರು ವಸಂತದಲ್ಲಿ ನಿಮ್ಮ ಮನೆಯ ಮಗ್ಗುಲಲ್ಲೇ ಇರುವ ಆನಹೈಮ್‌ನಲ್ಲಿ ವಂಡರ್‌ಕಾನ್ ನಡೆಸುತ್ತಾರೆ. ಸದಸ್ಯ ಸಂಖ್ಯೆ ಎರಡಕ್ಕೂ ಒಂದೇ, ಬ್ಯಾಡ್ಜ್ ಸಿಗುವುದು ಬಹಳ ಸುಲಭ, ನೂಕುನುಗ್ಗಲೂ ಕಡಿಮೆ. ಮೊದಲು ಅಲ್ಲಿಗೆ ಕರೆದುಕೊಂಡು ಹೋಗಿ ಎಂಬುದು ನನ್ನ ಸಲಹೆ.

ಭೂತಗನ್ನಡಿ

ಪ್ರಮಾಣಪತ್ರದ ಬಗ್ಗೆ ಕೇಳಿದ್ದೀರಿ. ಈ ವಿಷಯಕ್ಕೂ ಸ್ಯಾನ್ ಡಿಯೇಗೊ ನಗರಕ್ಕೂ ಹಳೆಯ ನಂಟಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಎಫ್‌ಬಿಐ ಸಂಸ್ಥೆಯ ಸ್ಯಾನ್ ಡಿಯೇಗೊ ಕಚೇರಿಯು ಆಪರೇಷನ್ ಬುಲ್‌ಪೆನ್ ಎಂಬ ಹೆಸರಿನಲ್ಲಿ ಖೋಟಾ ಸಹಿಗಳ ಜಾಲವೊಂದರ ಬೆನ್ನು ಹತ್ತಿ, 1999ರ ಅಕ್ಟೋಬರ್‌ನಲ್ಲಿ ಹಲವು ಕಡೆ ದಾಳಿ ನಡೆಸಿತು. ಆಟಗಾರರ ಮತ್ತು ತಾರೆಯರ ಸಹಿಯುಳ್ಳ ವಸ್ತುಗಳೆಂದು ಮಾರಾಟವಾಗುತ್ತಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖೋಟಾ ಇರಬಹುದೆಂಬ ಅಂದಾಜು ಆಗ ಹೊರಬಂತು. ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್ ಚೆಂಡುಗಳೂ ಇದ್ದವು ಎಂದರೆ ಕೊಳ್ಳುವವರ ಭಕ್ತಿ ಎಂಥದ್ದೆಂದು ನೀವೇ ಊಹಿಸಿ. ಈ ಪ್ರಕರಣದಿಂದ ನಾವು ನೆನಪಿಡಬೇಕಾದ ಅಂಶವೆಂದರೆ, ಅಂಥ ಸರಕಿನ ಜೊತೆಗೆ ಅಂದವಾದ ಪ್ರಮಾಣಪತ್ರಗಳೂ ಇರುತ್ತಿದ್ದವು. ಸಹಿಯನ್ನೇ ಖೋಟಾ ಮಾಡಬಲ್ಲವನಿಗೆ ಮುದ್ರಣಾಲಯದಲ್ಲಿ ಒಂದು ಪತ್ರ ಅಚ್ಚು ಹಾಕಿಸುವುದು ಕಷ್ಟವೇ?

ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಇದೆಯಲ್ಲ ಎನ್ನಬಹುದು. ಮೊದಲು ಕ್ರೀಡಾ ವಸ್ತುಗಳಿಗಷ್ಟೇ ಅನ್ವಯವಾಗುತ್ತಿದ್ದ ಪ್ರಮಾಣಪತ್ರದ ನಿಯಮವನ್ನು 2017ರ ಜನವರಿಯಿಂದ ಸಹಿಯುಳ್ಳ ಎಲ್ಲ ವಸ್ತುಗಳಿಗೂ ವಿಸ್ತರಿಸಿದರು. ತನ್ನ ಹೆಸರಿನ ಖೋಟಾ ಸಹಿಗಳನ್ನು ನೋಡಿ ರೋಸಿಹೋಗಿದ್ದ ನಟ ಮಾರ್ಕ್ ಹ್ಯಾಮಿಲ್ ಅವರ ಒತ್ತಾಯವೂ ಅದರ ಹಿಂದಿತ್ತು. ಅವರು ಅಭಿಮಾನಿಗಳು ಟ್ವಿಟರ್‌ನಲ್ಲಿ ಕಳಿಸಿದ ಚಿತ್ರಗಳನ್ನು ನೋಡಿ ಇದು ನನ್ನದು, ಇದು ನನ್ನದಲ್ಲ ಎಂದು ತಾವೇ ಹೇಳುತ್ತಿದ್ದರು. ಆದರೆ ಲೇಖಕರನ್ನು ಕರೆಸಿ ಸಹಿ ಹಾಕಿಸುವ ಪುಸ್ತಕದಂಗಡಿಗಳಿಗೆ ಈ ಕಾನೂನು ಕುತ್ತಿಗೆಗೆ ಬಂದಿದ್ದರಿಂದ ಅದೇ ವರ್ಷ ತಿದ್ದುಪಡಿಯಾಗಿ, ಪುಸ್ತಕಗಳನ್ನು ಕೈಬಿಟ್ಟು, 50 ಡಾಲರ್‌ಗಿಂತ ಕಡಿಮೆ ಬೆಲೆಯ ವಸ್ತುಗಳನ್ನೂ ಹೊರಗಿಟ್ಟರು. ಆದ್ದರಿಂದ ಕಾನೂನಿನ ಭರವಸೆಯ ಮೇಲೆ ಸಹಿ ಹಾಕಿದ ಪುಸ್ತಕವನ್ನು ಆನ್‌ಲೈನ್‌ನಲ್ಲಿ ಕೊಳ್ಳುವುದು ಸರಿಯಲ್ಲ.

ಯಾವುದಾದರೂ ಸಹಿ ಕೈಗೆ ಬಂದಾಗ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಅಚ್ಚಾದ ಸಹಿಯಾದರೆ ಗೆರೆ ಒಡೆದು ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಾಗಿ ಕಾಣುತ್ತದೆ. ಪೆನ್ನಿನ ಗೆರೆಯಾದರೆ ಶಾಯಿ ಒಂದೇ ಹರಿವಿನಲ್ಲಿದ್ದು, ಎರಡು ಗೆರೆ ಹಾಯ್ದುಹೋಗುವ ಕಡೆ ಕಪ್ಪು ಗಾಢವಾಗಿರುತ್ತದೆ; ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾರ್ಕರಿನ ಶಾಯಿ ಕಾಗದದ ಹೊಳಪಿಗಿಂತ ಬೇರೆಯಾಗಿ ಮಿನುಗುತ್ತದೆ. ನಿಧಾನವಾಗಿ ನೋಡಿಕೊಂಡು ನಕಲು ಮಾಡಿದ ಸಹಿಯಲ್ಲಿ ಗೆರೆಯ ಆರಂಭ ಮತ್ತು ಕೊನೆ ಮೊಂಡಾಗಿ, ನಡುವೆ ಕೈ ನಡುಗಿದ ಗುರುತುಗಳಿರುತ್ತವೆ. ದಿನಕ್ಕೆ ನೂರಾರು ಸಹಿ ಹಾಕುವ ಕೈ ಹಾಗೆ ನಡುಗುವುದಿಲ್ಲ, ತುದಿಯಲ್ಲಿ ಗೆರೆ ತೆಳ್ಳಗಾಗಿ ಹಾರಿಹೋಗುತ್ತದೆ.

ಕಾಮಿಕ್ಸ್ ಲೋಕದಲ್ಲಿ ನಾನು ನಂಬುವ ವ್ಯವಸ್ಥೆ ಒಂದಿದೆ. ಕಾಮಿಕ್ಸ್ ಪುಸ್ತಕಗಳನ್ನು ಪರೀಕ್ಷಿಸಿ ದರ್ಜೆ ನೀಡುವ ಸಿಜಿಸಿ ಸಂಸ್ಥೆಯ ಪ್ರತಿನಿಧಿ ಪಕ್ಕದಲ್ಲಿ ನಿಂತು ಸಹಿ ಹಾಕುವುದನ್ನು ನೋಡಿದ ನಂತರ ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಮುಚ್ಚಿ, ಹಳದಿ ಚೀಟಿ ಹಚ್ಚಿ ಕೊಡುತ್ತಾರೆ. ಮಾರುವ ಉದ್ದೇಶವಿದ್ದವರಿಗೆ ಇದು ಒಳ್ಳೆಯದು. ಓದುವ ಪುಸ್ತಕಕ್ಕೆ ಇದು ಬೇಡ, ಮುಚ್ಚಿದ ಮೇಲೆ ಪುಟ ತಿರುವುವಂತಿಲ್ಲ. ಮಾರುವವರಿಗೆ ಇನ್ನೊಂದು ಎಚ್ಚರಿಕೆ: ಸಹಿಯ ಜೊತೆ ಇಂಥವರಿಗೆ ಎಂದು ಹೆಸರು ಬರೆಸಬೇಡಿ, ಬೆಲೆ ಇಳಿಯುತ್ತದೆ.

ಕಾರ್ಕಳದ ಓದುಗ

ಭೂತಗನ್ನಡಿಯವರ ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒಪ್ಪುತ್ತೇನೆ. ಇಲ್ಲಿ ಕೇಳುತ್ತಿರುವವರು ಮಗಳಿಗಾಗಿ ಕೇಳುತ್ತಿದ್ದಾರೆ. ಅವಳ ಹೆಸರನ್ನು ಖಂಡಿತವಾಗಿ ಬರೆಸಿ. ಹಾಗೆ ಕೇಳಿದರೆ ಚಿತ್ರಕಾರರಿಗೆ ಇದು ನಾಳೆ ಹರಾಜಿಗೆ ಹೋಗುವ ಪ್ರತಿಯಲ್ಲವೆಂದು ಗೊತ್ತಾಗುತ್ತದೆ, ಎಷ್ಟೋ ಸಲ ಹೆಸರಿನ ಪಕ್ಕದಲ್ಲಿ ಒಂದು ಪುಟ್ಟ ಚಿತ್ರವನ್ನೂ ಗೀಚಿಕೊಡುತ್ತಾರೆ. ನಮ್ಮ ಹೆಸರುಗಳ ಕಾಗುಣಿತ ಅಲ್ಲಿನವರಿಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲವಾದ್ದರಿಂದ, ದಪ್ಪಕ್ಷರದಲ್ಲಿ ಹೆಸರು ಬರೆದ ಅಂಟುಚೀಟಿಯನ್ನು ಸಹಿ ಬೇಕಾದ ಪುಟದ ಮೇಲೆಯೇ ಅಂಟಿಸಿಕೊಂಡು ಹೋಗಬೇಕು. ಮುಖಪುಟದ ಮೇಲೆ ಸಹಿ ಬೇಕಿದ್ದರೆ ಇನ್ನೊಂದು ಉಪಾಯವಿದೆ: ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಹಿ ಬೀಳಬೇಕಾದ ಜಾಗದಷ್ಟನ್ನೇ ಕಿಟಕಿಯಂತೆ ಕತ್ತರಿಸಿ, ಅಂಚಿಗೆ ಟೇಪ್ ಹಚ್ಚಿಕೊಂಡರೆ ಸಹಿ ಅಲ್ಲಿಯೇ ಬೀಳುತ್ತದೆ, ಉಳಿದ ಮುಖಪುಟಕ್ಕೆ ಬೆವರಿನ ಕೈ ತಾಗುವುದಿಲ್ಲ. ಕತ್ತರಿಸುವಾಗ ಪುಸ್ತಕವನ್ನು ಹೊರಗೆ ತೆಗೆದಿಡಬೇಕೆಂದು ಬೇರೆ ಹೇಳಬೇಕಿಲ್ಲವಷ್ಟೇ.

ಪೆನ್ನನ್ನು ನೀವೇ ಒಯ್ಯಿರಿ. ಹೊಳಪಿನ ಮುಖಪುಟಕ್ಕೆ ತೆಳು ಮೊನೆಯ ಪರ್ಮನೆಂಟ್ ಮಾರ್ಕರ್, ಕಪ್ಪು ಮುಖಪುಟಕ್ಕೆ ಬೆಳ್ಳಿ ಬಣ್ಣದ ಪೇಂಟ್ ಪೆನ್, ಒಳಗಿನ ಒರಟು ಕಾಗದಕ್ಕೆ ಪಿಗ್ಮೆಂಟ್ ಶಾಯಿಯ ಪೆನ್ ಸರಿಹೊಂದುತ್ತದೆ. ಪೇಂಟ್ ಪೆನ್ನನ್ನು ಸಾಲಿನಲ್ಲಿರುವಾಗಲೇ ಚೆನ್ನಾಗಿ ಅಲುಗಾಡಿಸಿ ಬೇರೆ ಕಾಗದದ ಮೇಲೆ ಒತ್ತಿ ಬಣ್ಣ ಇಳಿಸಿಕೊಂಡಿರದಿದ್ದರೆ, ಸರದಿ ಬಂದಾಗ ಮುಖಪುಟದ ಮೇಲೆ ಒಂದು ದೊಡ್ಡ ಬೊಟ್ಟು ಬೀಳುತ್ತದೆ. ಬಾಲ್‌ಪೆನ್ ಕೊಡಬೇಡಿ, ಅದರ ಒತ್ತಿಗೆ ಕೆಳಗಿನ ಪುಟಗಳಲ್ಲೂ ಗುರುತು ಮೂಡುತ್ತದೆ.

ತಂದ ಮೇಲೆ ಕೆಡಿಸುವವರೇ ಹೆಚ್ಚು. ನಮ್ಮ ಕಡೆಯಲ್ಲಿ ಸಹಿ ಸಿಕ್ಕಿದ ಕೂಡಲೇ ಲ್ಯಾಮಿನೇಷನ್ ಅಂಗಡಿಗೆ ಓಡುವ ಅಭ್ಯಾಸ ಇನ್ನೂ ಹೋಗಿಲ್ಲ. ಬಿಸಿಗೆ ಅಂಟು ಕರಗಿ ಕಾಗದದೊಳಗೆ ಇಳಿದ ಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ. ಅಗ್ಗದ ಪಿವಿಸಿ ಆಲ್ಬಮ್‌ಗಳೂ ಬೇಡ. ಅವುಗಳನ್ನು ಮೆತ್ತಗಾಗಿಸಲು ಬೆರೆಸಿದ ರಾಸಾಯನಿಕ ಕಾಲಕ್ರಮೇಣ ಹೊರಬಂದು ಶಾಯಿಯನ್ನು ಹಾಳೆಗೆ ಅಂಟಿಸಿಬಿಡುತ್ತದೆ. ಪಾಲಿಯೆಸ್ಟರ್ ಹೊದಿಕೆ, ಆಮ್ಲರಹಿತ ರಟ್ಟು, ಬಿಸಿಲು ಬೀಳದ ಗೂಡು, ಇಷ್ಟಿದ್ದರೆ ಸಾಕು. ಕರಾವಳಿಯ ಮಳೆಗಾಲದಲ್ಲಿ ಬೂಸ್ಟಿನೊಡನೆ ಗುದ್ದಾಡುವ ನಮಗೆ ಹೋಲಿಸಿದರೆ ಇರ್ವೈನ್‌ನಲ್ಲಿ ನಿಮಗೆ ಅರ್ಧ ಕೆಲಸವನ್ನು ಹವೆಯೇ ಮಾಡಿಕೊಡುತ್ತದೆ.

ಸಾಲು ಉದ್ದವಿದೆಯೆಂದು ಹಿರಿಯ ಚಿತ್ರಕಾರರನ್ನು ಮಾತ್ರ ಮುಂದಿನ ವರ್ಷಕ್ಕೆ ಬಿಡಬೇಡಿ. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮ ಕಾರ್ಕಳದವರು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ನಡೆದ ದೇಶದ ಮೊದಲ ಕಾಮಿಕ್ ಕಾನ್ ಅವರಿಗೆ ಜೀವಮಾನದ ಸಾಧನೆಯ ಗೌರವವನ್ನು ನೀಡಿತು. ಅದೇ ತಿಂಗಳ 24ರಂದು ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಕಾಮಿಕ್ ಕಾನ್ ಆರಂಭವಾದದ್ದು ಅದರ ಮರುವರ್ಷ, 2012ರಲ್ಲಿ. ಅವರ ಪುಸ್ತಕಗಳನ್ನು ಓದಿ ಬೆಳೆದ ನಮ್ಮ ಊರಿನ ಎಷ್ಟು ಮಂದಿಯ ಬಳಿ ಅವರ ಸಹಿ ಇದ್ದೀತು ಎಂದು ನಾನು ಆಗಾಗ ಯೋಚಿಸುವುದುಂಟು.

ಇರ್ವೈನ್ ವಾಸಿ

ಎಲ್ಲರಿಗೂ ಕೃತಜ್ಞತೆಗಳು. ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದೆ. ಮದರ್ ತೆರೇಸಾ ಚೆಂಡಿನ ಪ್ರಸಂಗ ಕೇಳಿದ ಮೇಲೆ ಶ್ರೀಮತಿಯವರು ಆನ್‌ಲೈನ್ ಪ್ರಸ್ತಾಪವನ್ನು ಹಿಂತೆಗೆದುಕೊಂಡಿದ್ದಾರೆ. ಇಬ್ಬರ ಹೆಸರಿನಲ್ಲೂ ಸದಸ್ಯ ಸಂಖ್ಯೆಗೆ ಅರ್ಜಿ ಹಾಕಿದ್ದೇನೆ, ವಸಂತದಲ್ಲಿ ಆನಹೈಮ್‌ಗೆ ಹೋಗುವುದೆಂದೂ ನಿಶ್ಚಯವಾಗಿದೆ. ಕೊನೆಯದಾಗಿ ಒಂದು ಸಂದೇಹ: ಮಗಳು ಒಬ್ಬರೇ ಚಿತ್ರಕಾರರ ಪುಸ್ತಕಗಳನ್ನು ಚೀಲದ ತುಂಬ ಹೊತ್ತುಕೊಂಡು ಹೋಗಲು ಸಿದ್ಧಳಾಗಿದ್ದಾಳೆ. ಎಲ್ಲದಕ್ಕೂ ಸಹಿ ಕೇಳುವುದು ಸಭ್ಯತೆಯೇ?

ಮೀರಾ ಮೇಸಾ ಕನ್ನಡಿಗ

ಒಂದೋ ಎರಡೋ ಪುಸ್ತಕ ಸಾಕು. ಒಬ್ಬರಿಗೆ ಎಷ್ಟು ಎಂಬ ಮಿತಿಯನ್ನು ಹಲವರು ಮೇಜಿನ ಮೇಲೆ ಚೀಟಿ ಬರೆದೇ ಇಟ್ಟಿರುತ್ತಾರೆ. ಸಾಲಿಗೆ ಸೇರುವ ಮೊದಲೇ ಅದನ್ನು ಓದಿಕೊಳ್ಳಬೇಕು. ಕೆಲವರು ಮೊದಲ ಸಹಿಯನ್ನು ಉಚಿತವಾಗಿ ಹಾಕಿ ಮುಂದಿನವುಗಳಿಗೆ ಹಣ ಕೇಳುತ್ತಾರೆ, ಮತ್ತೆ ಕೆಲವರು ಮೇಜಿನ ಮೇಲೆ ಧರ್ಮಾರ್ಥದ ಡಬ್ಬಿ ಇಟ್ಟಿರುತ್ತಾರೆ. ಅವರ ಬಳಿಯೇ ಒಂದು ಸಣ್ಣ ಮುದ್ರಿತ ಚಿತ್ರವನ್ನೋ ಪುಸ್ತಕವನ್ನೋ ಕೊಂಡು ಅದರ ಜೊತೆಗೆ ನಿಮ್ಮದನ್ನು ಮುಂದಿಡುವುದು ಮರ್ಯಾದೆಯ ಕ್ರಮ. ಕೆಲವು ಮೇಜುಗಳಲ್ಲಿ ಕಾರ್ಡ್ ನಡೆಯುವುದಿಲ್ಲವಾದ್ದರಿಂದ ಚಿಲ್ಲರೆ ನೋಟು ಇಟ್ಟುಕೊಂಡಿರಿ.

ಮಗಳು ತನ್ನ ಚಿತ್ರದ ಪುಸ್ತಕವನ್ನೂ ತರಲಿ. ತೋರಿಸಬೇಕೆಂದಿದ್ದರೆ ಮುಚ್ಚುವ ವೇಳೆಗೆ ಸ್ವಲ್ಪ ಮುಂಚೆ, ಹಿಂದೆ ಯಾರೂ ಕಾಯುತ್ತಿಲ್ಲದಾಗ ಹೋಗಿ. ಆನಹೈಮ್‌ನಲ್ಲಾದರೆ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಂಥ ಬಿಡುವು ಸಿಗುತ್ತದೆ.